ಯುಗಾದಿಗೆ ಕಲಸಿದ ಸುಣ್ಣ

ಮಾರ್ಚ್ ತಿಂಗಳ ಗಾಳಿಯ ವಿಷಯವನ್ನು ಕೋಲಾರದ ಚಿನ್ನದ ಗಣಿ, ಚಾಂಪಿಯನ್ ರೀಫ್ಸಿನ ಲೈನು ಮನೆಗಳಲ್ಲಿ ಬೆಳೆದವರಿಗೆ ನಾನು ಹೇಳಬೇಕಾಗಿಲ್ಲ. ಆ ದಿನಗಳಲ್ಲಿ ಗಾಳಿ ಎದ್ದಿತೆಂದರೆ ಚಿನ್ನ ತೆಗೆದು ಮಿಕ್ಕ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದು ಧೂಳನ್ನೆಲ್ಲ ಹೊತ್ತು ತಂದು ನಮ್ಮ ತಲೆಯ ಮೇಲೆ ಸುರಿಯುತ್ತಿತ್ತು. ಬಿದಿರು ತಟ್ಟಿಯ ಗೋಡೆ, ತಗಡಿನ ಮಾಡು. ಸಂದಿ ಸಿಕ್ಕಲ್ಲೆಲ್ಲ ಧೂಳು ನುಗ್ಗುತ್ತಿತ್ತು. ಅನ್ನ ಅಗಿದರೆ ಹಲ್ಲಿನಡಿ ಕರಕರ. ಬೆಳಿಗ್ಗೆ ಎದ್ದರೆ ರೆಪ್ಪೆ ಅಂಟಿಕೊಂಡಿರುತ್ತಿತ್ತು. ಅಮ್ಮ ಬಿಸಿನೀರಿನ ಬಟ್ಟೆ ಒತ್ತಿ ನಮ್ಮ ಕಣ್ಣು ತೆರೆಸುತ್ತಿದ್ದಳು.

ಐವತ್ತರ ದಶಕದ ಕೊನೆ. ನನಗೆ ಹನ್ನೊಂದು ವರ್ಷ. ನಮ್ಮ ಲೈನಿನಲ್ಲಿ ತಮಿಳಿನವರು ಹೆಚ್ಚು, ಆಮೇಲೆ ತೆಲುಗಿನವರು, ಕನ್ನಡದವರು ಮೂರೋ ನಾಲ್ಕೋ ಮನೆ. ಮಕ್ಕಳಾದ ನಮಗೆ ಯಾವ ಮಾತು ಯಾವ ಭಾಷೆಯದೆಂಬುದೇ ತಿಳಿಯುತ್ತಿರಲಿಲ್ಲ. ಜಗಳಕ್ಕೆ ತಮಿಳು, ಬೈಗುಳಕ್ಕೆ ತೆಲುಗು, ಮನೆಯಲ್ಲಿ ಕನ್ನಡ. ಅಪ್ಪ ಕಾಮಸಮುದ್ರದ ಕಡೆಯ ಹಳ್ಳಿಯಿಂದ ಬಂದು ಗಣಿಗೆ ಇಳಿದವನು. ನಾನು ಹುಟ್ಟುವ ಹೊತ್ತಿಗೆ ಮೇಸ್ತ್ರಿಯಾಗಿದ್ದ. ಅವನು ಲೈನಿನಲ್ಲಿ ನಡೆದು ಬಂದರೆ ಜಗಲಿಯ ಮೇಲೆ ಕೂತ ಗಂಡಸರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಆ ಎದ್ದು ನಿಲ್ಲುವುದರಲ್ಲಿ ನನ್ನದೂ ಒಂದು ಪಾಲಿದೆ ಎಂದು ನಾನು ತಿಳಿದಿದ್ದೆ. ಆಟದಲ್ಲಿ ಮೊದಲ ಸರದಿ ನನ್ನದು. ಕೊಳಾಯಿಯಲ್ಲಿ ಮೊದಲ ಬಿಂದಿಗೆ ನನ್ನದು.

ಲೈನಿನ ಕಟ್ಟಕಡೆಯ ಮನೆ ಆರೋಕ್ಯಮ್ಮನದು. ಅವಳ ಗಂಡ, ಸವರಿ ಎಂಬವನು, ಅಪ್ಪನ ಗ್ಯಾಂಗಿನಲ್ಲಿದ್ದ. ಎರಡು ವರ್ಷದ ಹಿಂದೆ ನೆಲದಡಿಯಲ್ಲಿ ಬಂಡೆ ಸಿಡಿದು ಸತ್ತಿದ್ದ. ಅವನು ಹೋದ ಮೇಲೆ ಗಣಿಯವರು ಕೊಟ್ಟ ಆ ಮನೆ ಬಿಡಬೇಕಿತ್ತು. ಅಪ್ಪ ಒಂದು ಮಾತು ಹೇಳಿದ್ದರಿಂದ ಬಿಟ್ಟಿರಲಿಲ್ಲ. ಆ ಒಂದು ಮಾತನ್ನು ಅಪ್ಪ ಅವಳಿಗೆ ಯಾವತ್ತೂ ಮರೆಯಲು ಬಿಡಲಿಲ್ಲ. ನಮ್ಮ ಮನೆಗೆ ನೀರು ಹೊರುವುದು, ರಾಗಿ ಬೀಸುವುದು, ಹಬ್ಬಕ್ಕೆ ಸುಣ್ಣ ಬಳಿಯುವುದು ಎಲ್ಲ ಆರೋಕ್ಯಮ್ಮನ ಪಾಲಿಗೆ ಬಂದಿತ್ತು. ಇದನ್ನು ಯಾರೂ ಜೀತ ಎನ್ನುತ್ತಿರಲಿಲ್ಲ. ಅವಳಿಗೆ ಕೃತಜ್ಞತೆ ಇದೆ ಎನ್ನುತ್ತಿದ್ದರು.

ಅವಳಿಗೆ ಒಬ್ಬಳೇ ಮಗಳು, ಫಿಲೋಮಿನಾ. ನನ್ನ ವಯಸ್ಸು, ನನ್ನ ಕ್ಲಾಸು. ಕೋಲಿನಂಥ ಕಾಲು, ಎಣ್ಣೆ ಕಾಣದ ಕೂದಲು, ಯಾವುದಕ್ಕೂ ಕಿಸಕ್ಕನೆ ನಗುವ ಬಾಯಿ. ಕುಂಟೆಬಿಲ್ಲೆಯಲ್ಲಿ ಅವಳನ್ನು ಸೋಲಿಸುವವರು ಲೈನಿನಲ್ಲೇ ಇರಲಿಲ್ಲ.

ಆರೋಕ್ಯಮ್ಮನವರು ಕ್ರೈಸ್ತರು; ಆ ವರ್ಷ ಯುಗಾದಿ, ಈಸ್ಟರಿಗೆ ಮೊದಲಿನ ಅವರ ನಲವತ್ತು ದಿನದ ತಪಸ್ಸು ಕಾಲದಲ್ಲಿ ಬಂದಿತ್ತು. ಹಬ್ಬಕ್ಕೆ ಮೂರು ದಿನ ಮೊದಲು ಆರೋಕ್ಯಮ್ಮ ನಮ್ಮ ಮನೆಯ ಮುಂದೆ ಕತ್ತರಿಸಿದ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದಳು. ಸುಣ್ಣ ಕೊತಕೊತ ಕುದಿದು, ಆವಿ ಎದ್ದು, ಮೂಗಿಗೆ ಚುರುಕು ಮುಟ್ಟಿಸುವ ವಾಸನೆ ಹರಡಿತು. ನನಗೆ ಆ ವಾಸನೆ ಎಂದರೆ ಹಬ್ಬ. ಒಳಗೆ ಅಮ್ಮ ಒಬ್ಬಟ್ಟಿನ ಬೇಳೆ ಆರಿಸುತ್ತಿದ್ದಳು. ಆರೋಕ್ಯಮ್ಮ ಹಿಂದಿನ ಗೋಡೆಗೆ ಒಂದು ಕೈ ಬಳಿಯಲು ಒಂದು ಬಕೀಟು ತುಂಬಿಸಿಕೊಂಡು ಹೋದಳು. ಇನ್ನೂ ಬಿಸಿ ಆರದ ಸುಣ್ಣ ಡ್ರಮ್ಮಿನಲ್ಲಿತ್ತು. ಅದರೊಳಗೆ ನಾರಿನ ಇನ್ನೊಂದು ಕುಂಚ ನಿಂತಿತ್ತು.

ನಾನೂ ಫಿಲೋಮಿನಾಳೂ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಬೇರೆ ಯಾರೂ ಇರಲಿಲ್ಲ. ನಾನು ನಾಲ್ಕನೇ ಮನೆ ದಾಟುವಾಗ ಅವಳು ಚಪ್ಪಾಳೆ ತಟ್ಟಿದಳು.

"ಗೆರೆ ತುಳ್ದೆ! ನೀ ಔಟು!"

"ನಾನ್ ತುಳ್ದಿಲ್ಲ."

"ತುಳ್ದೆ. ನೋಡು, ಹೆಬ್ಬೆರಳಿನ ಗುರುತು ಅಂಗೇ ಐತೆ."

ಗುರುತು ಇತ್ತು. ಇಬ್ಬರಿಗೂ ಕಾಣಿಸುವಂತೆ ಇತ್ತು. ನಾನು ಅದನ್ನು ಕಾಲಿನಿಂದ ಒರೆಸಿದೆ. ಫಿಲೋಮಿನಾ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಬಗ್ಗಿ, ನಕ್ಕಳು.

"ಮೇಸ್ತ್ರಿ ಮಗ್ಳು ಪೊಯ್ಯಿ ಯೇಳ್ತಾಳೆ, ಮೇಸ್ತ್ರಿ ಮಗ್ಳು ಪೊಯ್ಯಿ ಯೇಳ್ತಾಳೆ" ಎಂದು ಹಾಡಿನಂತೆ ಎಳೆದಳು. ಪೊಯ್ಯಿ ಎಂದರೆ ಸುಳ್ಳು.

ನಾನು ಡ್ರಮ್ಮಿನ ಹತ್ತಿರ ಹೋಗಿ ಕುಂಚ ಎತ್ತಿ ಅವಳ ಮುಖಕ್ಕೆ ಬೀಸಿದೆ.

ಕೈತಪ್ಪಿ ಆಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಆಗಲಿಲ್ಲ. ಕುಂಚವನ್ನು ಚೆನ್ನಾಗಿ ಅದ್ದಿ, ಗುರಿ ನೋಡಿ, ಬೀಸಿದೆ. ಆ ನಗು ನಿಲ್ಲಬೇಕಿತ್ತು. ನಿಂತಿತು.

ಅವಳು ಮೊದಲು ಕೂಗಲೇ ಇಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಕುಂಟೆಬಿಲ್ಲೆಯ ಗೆರೆಗಳ ಮೇಲೆ ಮೊಣಕಾಲೂರಿ ಕೂತಳು. ಆಮೇಲೆ ಬಂದ ಕೂಗಿಗೆ ಇಡೀ ಲೈನು ಓಡಿ ಬಂತು. ಆರೋಕ್ಯಮ್ಮ ಸುಣ್ಣದ ಕೈಯಲ್ಲೇ ಮಗಳನ್ನು ಹಿಡಿಯಲು ಬಂದು, ಕೈ ನೋಡಿಕೊಂಡು, ಹಿಡಿಯಲಾರದೆ ನಿಂತಳು. ಯಾರೋ ಬಿಂದಿಗೆಗಟ್ಟಲೆ ನೀರು ಹೊಯ್ದರು. ಅಮ್ಮ ನನ್ನ ಭುಜ ಹಿಡಿದು ಅಲುಗಾಡಿಸಿದಳು.

"ಏನಾಯ್ತೇ? ಯೇಳೇ!"

"ಕಾಲ್ ಜಾರಿ ಡ್ರಮ್ಮಿನಾಗೆ ಬಿದ್ಲು" ಎಂದೆ. ಇಷ್ಟು ಸುಲಭವಾಗಿ ಬಾಯಿಗೆ ಬಂದ ಮಾತು ನನಗೆ ಬೇರೆ ನೆನಪಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಹತ್ತು ದಿನ ಇಟ್ಟುಕೊಂಡರು. ಬಲಗಣ್ಣು ಉಳಿಯಿತು. ಎಡಗಣ್ಣು ಹೋಯಿತು, ಅದರ ಮೇಲೆ ಮೊಸರಿನ ಕೆನೆಯಂಥ ಪೊರೆ ನಿಂತುಬಿಟ್ಟಿತು. ನಮ್ಮ ಮನೆಯಲ್ಲಿ ಯುಗಾದಿ ನಡೆಯಿತು. ರಾಬರ್ಟ್‌ಸನ್‌ಪೇಟೆಯಿಂದ ತಂದ ಹಸಿರು ಲಂಗ ಉಟ್ಟು ನಾನು ಬೇವುಬೆಲ್ಲ ತಿಂದೆ. ಒಬ್ಬಟ್ಟು ತಿಂದೆ. ಅರ್ಧ ಸುಣ್ಣ ಕಂಡ ಗೋಡೆ ಅರ್ಧಕ್ಕೇ ನಿಂತಿತ್ತು. ಆರೋಕ್ಯಮ್ಮನ ಅಜಾಗ್ರತೆಯಿಂದ ಹಬ್ಬದ ಹೊತ್ತಿಗೆ ಹೀಗಾಯಿತು ಎಂದು ಹೆಂಗಸರು ಮಾತಾಡಿಕೊಂಡರು. ಸುಣ್ಣದ ಡ್ರಮ್ಮನ್ನು ಮುಚ್ಚದೆ ಹೋದ ತಾಯಿ ಎಂಥ ತಾಯಿ ಎಂದರು. ನಾನು ಅವರ ಮಧ್ಯೆಯೇ ಕೂತು ಒಬ್ಬಟ್ಟಿನ ಅಂಚು ಮುರಿಯುತ್ತಾ ಕೇಳಿಸಿಕೊಂಡೆ.

ಫಿಲೋಮಿನಾ ಮನೆಗೆ ಬಂದ ಮರುದಿನವೇ ಕೊಳಾಯಿಯ ಹತ್ತಿರ ನನ್ನ ಹೆಸರು ಹಿಡಿದು ನಿಜ ಹೇಳಿದಳು. "ನಾನ್ ಬೀಳ್ಲಿಲ್ಲ. ಸರೋಜಾ ಎರಚಿದ್ಲು." ಹೆಂಗಸರು ಬಿಂದಿಗೆ ಬಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು. ಮಾತು ಅಪ್ಪನ ಕಿವಿಗೆ ಬೀಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ ಅಂಗಳಕ್ಕೆ ಮಂಚ ಹಾಕಿಸಿ ಕೂತು ತಾಯಿ ಮಗಳಿಬ್ಬರನ್ನೂ ಕರೆಸಿದ. ಲೈನಿನವರೂ ಬಂದು ನಿಂತರು. ಫಿಲೋಮಿನಾಳ ಎಡಗಣ್ಣಿಗೆ ಬಟ್ಟೆ ಕಟ್ಟಿತ್ತು. ಬಲಗಣ್ಣು ಕೆಂಪಗೆ, ಬಿಸಿಲಿಗೆ ಮುಚ್ಚಿ ತೆರೆಯುತ್ತಿತ್ತು. ಅಪ್ಪ ನನ್ನನ್ನು ಹತ್ತಿರ ಕರೆದು ತಲೆ ಸವರಿದ. ಅವನು ಹಾಗೆ ತಲೆ ಸವರಿದ್ದು ಅದಕ್ಕೆ ಮೊದಲು ನನಗೆ ನೆನಪಿಲ್ಲ.

"ನೀನ್ ಎರಚಿದ್ಯಾ, ಮಗಾ?"

"ಇಲ್ಲ ಅಪ್ಪಾ."

"ಅಮ್ಮನ ಮೇಲೆ ಆಣೆ ಮಾಡು."

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಹೋಗಿ ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಅಮ್ಮನ ತಲೆ ನನ್ನ ಅಂಗೈ ಕೆಳಗೆ ಸಣ್ಣಗೆ ನಡುಗಿತು.

ಅಪ್ಪ ಆರೋಕ್ಯಮ್ಮನ ಕಡೆ ತಿರುಗಿದ. "ಕೇಳಿಸ್ತಾ? ನಿನ್ ಮಗ್ಳು ಸುಳ್ಳು ಯೇಳ್ತಾವ್ಳೆ. ನಿನ್ ಗಂಡ ಒಳ್ಳೇವ್ನು, ಅವನ ಮುಖ ನೋಡಿ ಮನೆ ಬಿಡಿಸ್ಲಿಲ್ಲ. ಅದ್ಕೆ ಇದಾ ಪ್ರತಿಫಲ?"

"ಕುಯಿಂದೆ ಅಯ್ಯಾ, ಮಗು. ನೋವಿಗೆ ಏನೋ ಉಳರ್‍ತದೆ" ಎಂದು ಆರೋಕ್ಯಮ್ಮ ಕೈ ಮುಗಿದಳು. ಉಳರುವುದೆಂದರೆ ಬಡಬಡಿಸುವುದು.

"ಮಗೂಗೆ ಬುದ್ಧಿ ಕಲಿಸು. ಬಾಯಲ್ಲಲ್ಲ, ಕೈಯಲ್ಲಿ. ಇಲ್ಲೇ, ನಮ್ ಮುಂದೇನೇ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ವೇಂಡಾ ಸಾಮಿ, ಬೇಡ" ಎಂದಳು.

"ಸರಿ ಬಿಡು. ಮನೆ ಖಾಲಿ ಮಾಡು."

ಆರೋಕ್ಯಮ್ಮ ಮಗಳ ಕೆನ್ನೆಗೆ ಹೊಡೆದಳು. ಬಟ್ಟೆ ಕಟ್ಟದ ಕಡೆ ನೋಡಿ, ಮೆಲ್ಲಗೆ ಹೊಡೆದಳು. ಅಪ್ಪ ಕಿವಿಗೆ ಕೈ ಇಟ್ಟುಕೊಂಡ.

"ಕೇಳಿಸ್ಲಿಲ್ಲ."

ಎರಡನೆಯ ಏಟು ಎಲ್ಲರಿಗೂ ಕೇಳಿಸಿತು. ಫಿಲೋಮಿನಾ ಪಕ್ಕಕ್ಕೆ ವಾಲಿ, ಬೀಳದೆ ನಿಂತಳು. ಕಣ್ಣಿನ ಬಟ್ಟೆ ಜಾರಿತು. ಆಮೇಲೆ ಅಪ್ಪ ಅವಳ ಬಾಯಿಯಿಂದಲೇ "ನಾನೇ ಬಿದ್ದೆ" ಎಂದು ಮೂರು ಸಲ ಹೇಳಿಸಿದ. ಮೂರನೆಯ ಸಲ ಅವಳು ನನ್ನ ಕಡೆ ನೋಡುತ್ತಾ ಹೇಳಿದಳು. ಅಪ್ಪನಿಗೆ ತೃಪ್ತಿಯಾಯಿತು. "ಪಾಪ, ಅದ್ಕೆ ಏನಾದ್ರೂ ತಿನ್ನಾಕೆ ಕೊಡೇ" ಎಂದು ಅಮ್ಮನಿಗೆ ಕೂಗಿದ. ಅಮ್ಮ ಹಬ್ಬದಲ್ಲಿ ಮಿಕ್ಕಿದ್ದ ಗಟ್ಟಿ ಒಬ್ಬಟ್ಟೊಂದನ್ನು ತಂದಳು. "ತಿನ್ನು ಮಗಾ, ಇಲ್ಲೇ ತಿನ್ನು" ಎಂದ ಅಪ್ಪ. ಅವಳು ನಿಂತುಕೊಂಡೇ ಅದನ್ನು ಪೂರ್ತಿ ತಿಂದಳು. ಎಲ್ಲರೂ ನೋಡಿದೆವು.

ತಪ್ಪು ಮಾಡಿದವರಿಗೆ ಕೂಡಲೇ ಪಶ್ಚಾತ್ತಾಪ ಬರುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಿದ್ದರು. ನನಗೆ ಬಂದದ್ದು ದ್ವೇಷ. ಅವಳ ಆ ಬಿಳಿಗಣ್ಣು ಕಂಡರೆ ಮೈ ಉರಿಯುತ್ತಿತ್ತು. ನಾನೇ ಮೊದಲು ಅವಳನ್ನು ಒಕ್ಕಣ್ಣಿ ಎಂದು ಕರೆದವಳು. ಮಿಕ್ಕ ಹುಡುಗಿಯರು ಆಮೇಲೆ ಕಲಿತರು. ಎಡಗಡೆಯಿಂದ ಸದ್ದಿಲ್ಲದೆ ಹೋಗಿ ಅವಳ ಜಡೆ ಎಳೆದು ಓಡುವುದು ನಮಗೆ ಹೊಸ ಆಟವಾಯಿತು. ಅವಳು ತಿರುಗಿ ತಿರುಗಿ ಹುಡುಕುತ್ತಿದ್ದಳು. ನಾವು ನಗುತ್ತಿದ್ದೆವು. ಅವಳು ಕುಂಟೆಬಿಲ್ಲೆಗೆ ಬಿಲ್ಲೆ ಎಸೆದರೆ ಅದು ಎಲ್ಲೋ ಹೋಗಿ ಬೀಳುತ್ತಿತ್ತು. ಎರಡು ದಿನ ಪ್ರಯತ್ನಿಸಿ ಆಟ ಬಿಟ್ಟಳು. ಆರೋಕ್ಯಮ್ಮ ಎಂದಿನಂತೆ ನಮ್ಮ ಮನೆಗೆ ನೀರು ಹೊರುತ್ತಿದ್ದಳು. ಉಳಿದ ಅರ್ಧ ಗೋಡೆಗೆ ಸುಣ್ಣ ಬಳಿದದ್ದೂ ಅವಳೇ.

ಅವರು ಪೆರಿಯ ವೆಳ್ಳಿ ಎನ್ನುತ್ತಿದ್ದ ಶುಭ ಶುಕ್ರವಾರದ ದಿನ ನಾನು ಚರ್ಚಿಗೆ ಹೋದದ್ದು ಭಕ್ತಿಯಿಂದಲ್ಲ. ಅಲ್ಲಿ ಎಲ್ಲರಿಗೂ ಗಂಜಿ ಕೊಡುತ್ತಾರೆ, ಜೊತೆಗೆ ಮಾವಿನಕಾಯಿ ಉಪ್ಪಿನಕಾಯಿ ಇರುತ್ತದೆ ಎಂದು ಹುಡುಗಿಯರು ಹೇಳಿದ್ದರು. ಮಧ್ಯಾಹ್ನದ ಬಿಸಿಲು. ಒಳಗೆ ಬೆವರು, ಮೇಣದ ಬತ್ತಿ, ಸಾಂಬ್ರಾಣಿ ಎಲ್ಲ ಸೇರಿದ ಸೆಕೆ. ನಾನು ಕಂಬದ ಮರೆಯಲ್ಲಿ ನಿಂತೆ. ಸ್ವಾಮಿಗಳು ತಮಿಳಿನಲ್ಲಿ ಏಸು ಸತ್ತ ಕತೆ ಹೇಳುತ್ತಿದ್ದರು. ಮೊಳೆ ಹೊಡೆದವರನ್ನು ಮನ್ನಿಸು, ತಾವು ಏನು ಮಾಡುತ್ತಿದ್ದೇವೆಂದು ಅವರಿಗೆ ತಿಳಿಯದು ಎಂದು ಆತ ಶಿಲುಬೆಯ ಮೇಲಿಂದ ಬೇಡಿಕೊಂಡನಂತೆ. ಸುತ್ತ ಹೆಂಗಸರು ಬಿಕ್ಕಿ ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಹೆದರಿಕೆಯಾಯಿತು. ಅವರಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಹಾಗಾದರೆ ಆ ಬೇಡಿಕೆಯಲ್ಲಿ ನಾನು ಸೇರಿಲ್ಲ ಎನ್ನಿಸಿತು.

ಆಮೇಲೆ ಒಬ್ಬೊಬ್ಬರೇ ಮೊಣಕಾಲಿನಲ್ಲಿ ನಡೆದು ಹೋಗಿ, ನೆಲದ ಮೇಲಿಟ್ಟ ಶಿಲುಬೆಗೆ ಮುತ್ತಿಡತೊಡಗಿದರು. ಆರೋಕ್ಯಮ್ಮ ಹೋದಳು. ಹೋದವಳು ಏಳಲಿಲ್ಲ. ಹಣೆ ನೆಲಕ್ಕೆ ಒತ್ತಿ, ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಆ ಕೈಯನ್ನು ಯಾರಾದರೂ ಕಿತ್ತುಕೊಳ್ಳಲಿ ಎಂಬಂತೆ ಮುಂದೆ ಚಾಚಿದ್ದಳು. ಹಿಂದಿನವರು ಕಾಯುತ್ತಿದ್ದರು. ಕೊನೆಗೆ ಫಿಲೋಮಿನಾ ಬಂದು, ತಡವರಿಸಿ ಅಮ್ಮನ ಆ ಕೈ ಹಿಡಿದು ಎಬ್ಬಿಸಿಕೊಂಡು ಹೋದಳು. ನಾನು ಗಂಜಿ ಕುಡಿಯದೆ ಮನೆಗೆ ಓಡಿದೆ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಮಾರನೆಯ ದಿನದ ಈಸ್ಟರ್ ಹಬ್ಬಕ್ಕೆಂದು ಆರೋಕ್ಯಮ್ಮ ಪಾತ್ರೆಗಳಿಗೆ ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದಳು. ಫಿಲೋಮಿನಾ ಗೋಡೆಗೆ ಒರಗಿ ಕೂತಿದ್ದಳು. ನಾನು ಬಾಗಿಲಲ್ಲೇ ನಿಂತು, ಉಸಿರು ಹಿಡಿದು ಹೇಳಿಬಿಟ್ಟೆ.

"ಅವ್ಳು ಬೀಳ್ಲಿಲ್ಲ. ನಾನೇ ಎರಚಿದ್ದು. ಬೇಕು ಅಂತ್ಲೇ ಎರಚಿದ್ದು."

ಆರೋಕ್ಯಮ್ಮ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ತೆರಿಯುಂ" ಎಂದಳು. ಗೊತ್ತು. "ಅವತ್ತೇ ಗೊತ್ತು. ಹೊಡಿಯಾಕೆ ಕೈ ಎತ್ತಿದಾಗ್ಲೂ ಗೊತ್ತಿತ್ತು."

ಗೊತ್ತಿದ್ದೂ ಹೊಡೆದಳೇ?

ಅವಳು ಪಾತ್ರೆ ಕೆಳಗಿಟ್ಟು ಕೈ ಒರೆಸಿಕೊಂಡಳು. "ನಿಜ ಯೇಳಿದ ಮಗೂನ ಒಂದು ಮನೆಗೋಸ್ಕರ ಹೊಡ್ದೆ. ನಿನ್ ತಪ್ಪು ದೊಡ್ದಾ, ನಂದು ದೊಡ್ದಾ, ಸೊಲ್ಲು, ಯೇಳು. ಸ್ವಾಮಿಗಳ ಹತ್ರ ಹೋಗಿ ಪಾಪ ಯೇಳ್ಕೊಂಡೆ. ದೇವ್ರು, ಆಂಡವರು ಮನ್ನಿಸ್ತಾರೆ, ಮೊದ್ಲು ಮಗಳ ಹತ್ರ ಕೇಳು ಅಂದ್ರು. ಕೇಳಿದೆ. ಅವಳ ಕಾಲು ಹಿಡ್ಕೊಂಡೇ ಕೇಳಿದೆ."

"ಕಾಲ್ ಹಿಡ್ದಾಗ ಕಚಗುಳಿ ಆಯ್ತು" ಎಂದಳು ಫಿಲೋಮಿನಾ, ಗೋಡೆಯ ಕಡೆಯಿಂದ. ನಗದೆ ಹೇಳಿದಳು.

ಆರೋಕ್ಯಮ್ಮ ನನ್ನ ಕಡೆ ಕೈ ಚಾಚಿ, "ವಾ ಕಣ್ಣು" ಎಂದಳು. ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವುದೇ ಹಾಗೆ. ಆ ಮನೆಯಲ್ಲಿ, ಆ ಹುಡುಗಿಯ ಮುಂದೆ, ನನ್ನನ್ನು ಕಣ್ಣು ಎಂದು ಕರೆದಳು. ನನಗೆ ಆಗ ಅಳು ಬಂತು. "ನಂಗೆ ಸಿಕ್ಕಿದ್ದನ್ನ ನಿಂಗೆ ಇಲ್ಲ ಅನ್ನಾಕೆ ನಾನ್ಯಾರು?" ಎಂದಳು. "ಆದ್ರೆ ಅವಳ ಹತ್ರ ನೀನೇ ಕೇಳ್ಬೇಕು."

ನಾನು ಫಿಲೋಮಿನಾಳ ಮುಂದೆ ಹೋಗಿ ಕೂತೆ. ಅವಳು ತಲೆ ತಿರುಗಿಸಿ ಒಂದು ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

"ನಾನು ಒಂದ್ ಹೊಡೀತೀನಿ" ಎಂದಳು.

"ಹೊಡಿ."

ಹೊಡೆದಳು. ಮಕ್ಕಳು ಹೊಡೆಯುವ ಏಟಲ್ಲ ಅದು. ಕೆನ್ನೆಯ ಒಳಭಾಗ ಹಲ್ಲಿಗೆ ತಾಕಿ ಸೀಳಿ, ಬಾಯಲ್ಲಿ ರಕ್ತದ ರುಚಿ ಬಂತು.

"ಇದು ಅಮ್ಮನ ಕೈಲಿ ಹೊಡೆಸಿದ್ದಕ್ಕೆ. ಒಕ್ಕಣ್ಣಿ ಅಂದಿದ್ದಕ್ಕೆ."

"ಕಣ್ಣಿಗೆ?" ಎಂದೆ. ಇನ್ನೊಂದು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡಿದ್ದೆ.

"ಅದಕ್ಕೆ ಹೊಡಿಯಲ್ಲ. ಅದನ್ನ ನಿನ್ನೆ ದಿನಾನೇ ಬಿಟ್ಬಿಟ್ಟೆ. ಶಿಲುಬೆ ಹತ್ರ." ಆಮೇಲೆ, "ನೀ ಇವತ್ತು ಬತ್ತೀಯ ಅಂತ ಗೊತ್ತಿರ್ಲಿಲ್ಲ" ಎಂದಳು.

ನಾನು ಕೇಳುವುದಕ್ಕೆ ಒಂದು ದಿನ ಮೊದಲೇ ಅವಳು ಕೊಟ್ಟುಬಿಟ್ಟಿದ್ದಳು. ನಾನು ಗಂಜಿಯ ಆಸೆಗೆ ಕಂಬದ ಹಿಂದೆ ನಿಂತಿದ್ದ ಹೊತ್ತಿನಲ್ಲಿ. ಮುಂದೆ ನಾನು ಚರ್ಚಿನಲ್ಲಿ ಸ್ವಾಮಿಗಳ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ದೇವರ ಕೃಪೆ ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಬೆಳಿಗ್ಗೆ, ಬಾಯಲ್ಲಿದ್ದ ಆ ರಕ್ತದ ರುಚಿ, ಮತ್ತು ಎದೆಯೊಳಗೆ ಯಾರೋ ಕಸ ಗುಡಿಸಿ ನೀರು ಚಿಮುಕಿಸಿದಂಥ ತಂಪು. ಆರೋಕ್ಯಮ್ಮ ನನ್ನ ಬಾಯಿ ತೊಳೆಸಿದಳು. ಹುಣಸೆಹುಳಿಯ ವಾಸನೆಯ ಕೈಯಿಂದ ಮುಖ ಒರೆಸಿದಳು.

"ಅಪ್ಪನಿಗೆ ಯೇಳ್ತೀನಿ" ಎಂದೆ.

"ವೇಂಡಾ. ಆಂಡವರಿಗೆ ಗೊತ್ತು, ನಮಗೆ ಗೊತ್ತು, ಸಾಕು. ಅಪ್ಪನಿಗೆ ಯೇಳ್ಬೇಡ."

ನಾನು ಕೇಳಲಿಲ್ಲ. ಆ ಹಗುರವನ್ನು ಇನ್ನಷ್ಟು ಹಗುರ ಮಾಡಿಕೊಳ್ಳುವ ಆಸೆ ನನಗೆ. ಅದೂ ಸ್ವಾರ್ಥವೇ ಎಂದು ಹನ್ನೊಂದು ವರ್ಷಕ್ಕೆ ತಿಳಿಯಲಿಲ್ಲ. ಈಸ್ಟರ್ ಭಾನುವಾರ ಮಧ್ಯಾಹ್ನ ಅಪ್ಪ ಊಟ ಮಾಡುತ್ತಿದ್ದಾಗ ಎದುರು ನಿಂತು ಎಲ್ಲವನ್ನೂ ಹೇಳಿದೆ.

ಅಪ್ಪ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. "ನಿನ್ ಲಂಗದ ಮೇಲೆ ಸುಣ್ಣ ಸಿಡಿದಿತ್ತು. ಅವತ್ತೇ ನೋಡ್ದೆ" ಎಂದ.

"ಮತ್ತೆ ಅವ್ಳನ್ನ ಯಾಕೆ ಹೊಡೆಸಿದೆ ಅಪ್ಪಾ?"

ಕೈ ತೊಳೆದು ಬಂದು ಕೇಳಿದ. "ಆರೋಕ್ಯಮ್ಮಂಗೆ ಇದೆಲ್ಲ ಗೊತ್ತಾ?"

"ಗೊತ್ತು. ಮನ್ನಿಸಿದ್ರು. ನಿನ್ನೂ ಮನ್ನಿಸ್ತಾರೆ ಅಪ್ಪಾ, ನೀ ಒಂದ್ ಮಾತು ಕೇಳಿದ್ರೆ..."

ಅಪ್ಪನ ಮುಖ ಅಷ್ಟು ಕಪ್ಪಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಯಾರು? ನನ್ ಮನೆ ನೀರು ಹೊರೋಳು ನನ್ನ ಮನ್ನಿಸ್ತಾಳಾ?" ಎಂದ. ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಬಟ್ಟೆ ಹಾಕಿಕೊಂಡು ಹೊರಗೆ ಹೋದ. ಬುಧವಾರದ ಹೊತ್ತಿಗೆ ಆರೋಕ್ಯಮ್ಮ ಮನೆ ಬಿಡಬೇಕೆಂದು ಆಯಿತು. ಅವಳು ಪ್ರತಿದಿನ ಬಿಂದಿಗೆ ಹೊತ್ತು ತನ್ನ ಮುಂದೆ ಹಾದುಹೋಗುವುದನ್ನು, ಅವಳ ಮುಖದಲ್ಲಿ ದ್ವೇಷ ಇಲ್ಲದಿರುವುದನ್ನು ಅವನು ಸಹಿಸಲಾರದೆ ಹೋದ ಎಂದು ಈಗ ನನಗನ್ನಿಸುತ್ತದೆ. ಶಾಪ ಹಾಕಿದ್ದರೆ ಇಟ್ಟುಕೊಳ್ಳುತ್ತಿದ್ದ.

ಬಂಗಾರಪೇಟೆಯಲ್ಲಿ ಅವಳ ಅಣ್ಣನಿದ್ದ. ಚಾಂಪಿಯನ್ ಸ್ಟೇಷನ್ನಿನಲ್ಲಿ ಮಧ್ಯಾಹ್ನದ ರೈಲಿಗೆ ಇಬ್ಬರೂ ಕಾದು ನಿಂತಿದ್ದರು. ಒಂದು ತಗಡಿನ ಪೆಟ್ಟಿಗೆ, ಚಾಪೆ, ಎರಡು ಪಾತ್ರೆ. ಲೈನಿನಿಂದ ಯಾರೂ ಬಂದಿರಲಿಲ್ಲ. ಮೇಸ್ತ್ರಿಗೆ ಹೆದರಿ ಬರಲಿಲ್ಲ. ನಾನು ಶಾಲೆ ತಪ್ಪಿಸಿ ಓಡಿದೆ. ನನ್ನನ್ನು ಕಂಡು ಆರೋಕ್ಯಮ್ಮನ ಕಣ್ಣಲ್ಲಿ ಮೊದಲ ಬಾರಿ ಸಿಟ್ಟು ನೋಡಿದೆ.

"ವೇಂಡಾ ಅಂದೆನಲ್ಲ! ಬೇಡ ಅಂದೆನಲ್ಲ!" ಎಂದು ನನ್ನ ತೋಳು ಹಿಡಿದು ಅಲುಗಾಡಿಸಿದಳು. "ನಿಂಗೆ ಹಗುರ ಆಯ್ತು, ನಾವು ಬೀದಿಗೆ ಬಂದ್ವಿ."

ರೈಲು ಬಂತು. ಅವಳು ಪೆಟ್ಟಿಗೆ ಏರಿಸಿದಳು, ಮಗಳನ್ನು ಹತ್ತಿಸಿದಳು, ತಾನೂ ಹತ್ತಿದಳು. ರೈಲು ಸೀಟಿ ಹಾಕಿದ ಮೇಲೆ ಮತ್ತೆ ಕೆಳಗಿಳಿದಳು. ನನ್ನ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದಳು. ಮೊದಲ ಸಲ ಮನ್ನಿಸಿದ್ದಕ್ಕಿಂತ ಈ ಎರಡನೆಯ ಸಲ ಅವಳಿಗೆ ಹೆಚ್ಚು ಕಷ್ಟವಾಯಿತು ಎಂದು ಆ ಬೆರಳಿನ ಒತ್ತಡದಲ್ಲೇ ತಿಳಿಯುತ್ತಿತ್ತು. ಹಣೆ ನೋಯುವಷ್ಟು ಒತ್ತಿದ್ದಳು.

ಎಂಟೊಂಬತ್ತು ವರ್ಷದ ಮೇಲೆ ಅಪ್ಪ ಗಣಿಯ ಧೂಳಿನಿಂದ ಎದೆ ಕೆಟ್ಟು ಹಾಸಿಗೆ ಹಿಡಿದ. ನನಗೆ ಆಗ ಕಾಮಸಮುದ್ರದ ಹತ್ತಿರದ ಹಳ್ಳಿಗೆ ಮದುವೆಯಾಗಿತ್ತು. ಬಂಗಾರಪೇಟೆಗೆ ಹೋಗಿ, ಚರ್ಚಿನ ಹತ್ತಿರ ಕೇಳಿಕೊಂಡು, ಅವರನ್ನು ಹುಡುಕಿದೆ. ಫಿಲೋಮಿನಾ ಬುಟ್ಟಿ ಹೆಣೆಯುತ್ತಿದ್ದಳು. ಒಂದು ಕಣ್ಣು ಸಾಕಾಗುವ ಕೆಲಸ ಎಂದಳು. ವಿಷಯ ಹೇಳಿದೆ. ಆರೋಕ್ಯಮ್ಮ ಸೀರೆ ಬದಲಿಸಿ ನನ್ನ ಜೊತೆ ಹೊರಟಳು. ಅಪ್ಪನ ಮಂಚದ ಪಕ್ಕ ಕೂತು, "ಅಯ್ಯಾ, ನಾನು ಆರೋಕ್ಯಂ. ನಿಮ್ ಮೇಲೆ ನಂಗೆ ಏನೂ ಇಲ್ಲ" ಎಂದಳು. ಅಪ್ಪನಿಗೆ ಪ್ರಜ್ಞೆ ಚೆನ್ನಾಗಿಯೇ ಇತ್ತು. ಅವಳನ್ನು ನೋಡಿದ. ಗೋಡೆಯ ಕಡೆ ಮಗ್ಗುಲಾದ. ಅವಳು ಒಂದು ಗಂಟೆ ಹಾಗೇ ಅವನ ಬೆನ್ನು ನೋಡುತ್ತಾ ಕೂತಿದ್ದು, ನೀರು ಕುಡಿದು ಎದ್ದು ಹೋದಳು. ನಾಲ್ಕು ದಿನಕ್ಕೆ ಅಪ್ಪ ಸತ್ತ. ನೀಡಿದ್ದನ್ನು ತೆಗೆದುಕೊಳ್ಳಲಾರದೆ ಸತ್ತ.

ಮರು ವರ್ಷ ನಾನು ಬಂಗಾರಪೇಟೆಯಲ್ಲಿ ಜ್ಞಾನಸ್ನಾನ ಪಡೆದು ಕ್ರೈಸ್ತಳಾದೆ. ಗಂಡ ಒಂದು ವರ್ಷ ಮಾತು ಬಿಟ್ಟ, ಅತ್ತೆ ಬೇರೆ ತಟ್ಟೆ ಕೊಟ್ಟಳು. ಆ ದಿನ ತಾಯಿಯ ಸ್ಥಾನದಲ್ಲಿ ಹೊಣೆ ಹೊರುವ ಜ್ಞಾನತಾಯಿಯಾಗಿ ಫಿಲೋಮಿನಾ ನನ್ನ ಪಕ್ಕದಲ್ಲಿ ನಿಂತಳು.

ಈಗ ಅವರಿಬ್ಬರೂ ಇಲ್ಲ. ಗಣಿ ನಿಂತಿದೆ, ನಮ್ಮ ಲೈನಿನ ತಟ್ಟಿಗಳು ಕುಸಿದು ಜಾಲಿ ಬೆಳೆದಿದೆ. ಅದಕ್ಕೆ ನನಗೆ ಅಂಥ ದುಃಖವಿಲ್ಲ. ಅಲ್ಲಿ ಬದುಕಿದ್ದವರಿಗೆ ಅದು ಸುಖದ ಜಾಗವಾಗಿರಲಿಲ್ಲ. ಕಳೆದುಹೋದದ್ದು ಬೇರೆ, ಹೊಡೆದಾದರೂ ನಿಜವಾಗಿ ಮನ್ನಿಸುವವರು. ದೊಡ್ಡವಳಾದ ಮೇಲೂ ನಾನು ಜನರಿಗೆ ಕೆಟ್ಟದ್ದು ಮಾಡಿದ್ದೇನೆ. ಆಸ್ತಿ ಪಾಲಾಗುವಾಗ ನನ್ನ ತಂಗಿಗೆ ಆಡಬಾರದ ಮಾತೊಂದನ್ನು ಆಡಿದೆ. ಆಮೇಲೆ ಫೋನು ಮಾಡಿ ತಪ್ಪಾಯಿತು ಎಂದೆ. "ಅಯ್ಯೋ, ಪರವಾಗಿಲ್ಲ ಬಿಡಕ್ಕಾ" ಎಂದು ನಕ್ಕಳು. ಎಷ್ಟು ಬೇಗ ಹೇಳಿದಳು! ಹೊಡೆಯಲಿಲ್ಲ, ಬೈಯಲಿಲ್ಲ, ಯಾಕೆ ಹಾಗೆಂದೆ ಎಂದು ಕೇಳಲೂ ಇಲ್ಲ. ಹಬ್ಬಕ್ಕೆ ಕರೆದರೆ ಈಗಲೂ ಮೊಮ್ಮಕ್ಕಳ ಪರೀಕ್ಷೆ ಎನ್ನುತ್ತಾಳೆ. ಆರು ವರ್ಷವಾಯಿತು, ನಮ್ಮ ಹೊಸ್ತಿಲು ತುಳಿದಿಲ್ಲ.